ಪ್ರಿಂಟರಿಗೆ ತಕ್ಕ ಕಾಗದ

ಪ್ರಿಂಟರಿಗೆ ಯಾವ ಕಾಗದವಾದರೂ ನಡೆಯುತ್ತದೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಕನ್ನಡವನ್ನು ಅಚ್ಚುಮಾಡುವವರಿಗೆ ಇದರಿಂದ ನಷ್ಟವೇ ಹೆಚ್ಚು. ‘ದನ’ಕ್ಕೂ ‘ಧನ’ಕ್ಕೂ ಕೊಟ್ಟಿಗೆಗೂ ಖಜಾನೆಗೂ ಇರುವಷ್ಟು ಅಂತರವುಂಟು, ಬರಹದಲ್ಲಿ ಮಾತ್ರ ಆ ಅಂತರ ಅಕ್ಷರದ ಬುಡದಲ್ಲಿರುವ ಒಂದು ಚಿಕ್ಕ ಗೀಟು. ‘ರ’ಕಾರದ ಒಡಲಲ್ಲಿ ಚುಕ್ಕೆ ಬಿದ್ದರೆ ‘ಠ’. ‘ಪ’ಕಾರದ ಹೊಟ್ಟೆಯಲ್ಲಿ ಗೆರೆ ಎಳೆದರೆ ‘ಷ’. ಒತ್ತಕ್ಷರಗಳಂತೂ ಇನ್ನೂ ಸಣ್ಣವು. ಮಸಿ ಕೂದಲೆಳೆಯಷ್ಟು ಹರಡಿದರೂ ಸಾಕು, ಈ ಭೇದಗಳು ಮುಚ್ಚಿಹೋಗುತ್ತವೆ. ವಡೋದರದ ಗೋರ್ವಾದಂತಹ ಬಡಾವಣೆಯಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಬೀದಿಯ ಫಲಕಗಳಲ್ಲಿ ಗುಜರಾತಿಯೇ ಎದುರಾಗುತ್ತದೆ. ಕನ್ನಡದ ಅಕ್ಷರ ಕಾಣುವುದು ಪುಸ್ತಕದಲ್ಲಿ, ಅಚ್ಚಾದ ಹಾಳೆಯಲ್ಲಿ. ಆ ಹಾಳೆಯೇ ಮಸಕಾದರೆ ಕಣ್ಣು ತಪ್ಪನ್ನೇ ಕಲಿಯುತ್ತದೆ.

ನಮ್ಮ ‘ಕಾಗದ’ವನ್ನು ನೆರೆಯ ಗುಜರಾತಿಗಳು ‘ಕಾಗಳ’ ಎನ್ನುತ್ತಾರೆ. ಎರಡೂ ಪಾರಸಿಯ ‘ಕಾಗಜ್’ ಶಬ್ದದಿಂದ ಬಂದವು. ಗುಜರಾತು ಕಾಗದಕ್ಕೆ ಹೆಸರಾದುದು ನಿನ್ನೆ ಮೊನ್ನೆಯಲ್ಲ. ಹದಿನೆಂಟನೆಯ ಶತಮಾನದಲ್ಲಿ ಅಲಿ ಮುಹಮ್ಮದ್ ಖಾನನು ರಚಿಸಿದ ‘ಮಿರಾತ್-ಇ-ಅಹ್ಮದಿ’ ಎಂಬ ಪಾರಸಿ ಇತಿಹಾಸಗ್ರಂಥವು, ಬಿಳುಪಿನಲ್ಲಿಯೂ ಹೊಳಪಿನಲ್ಲಿಯೂ ಅಹಮದಾಬಾದಿನ ಕಾಗದವು ಕಾಶ್ಮೀರ, ದೌಲತಾಬಾದುಗಳ ಕಾಗದಕ್ಕಿಂತ ಮಿಗಿಲೆಂದು ಹೊಗಳುತ್ತದೆ. ಹೊಗಳಿದ ಬಾಯಿಂದಲೇ ಅದರ ದೋಷವನ್ನೂ ಹೇಳುತ್ತದೆ. ಮರಳುನೆಲದ ಊರಾದುದರಿಂದ ಮರಳಿನ ಕಣಗಳು ಕಾಗದದ ತಿರುಳಿನಲ್ಲಿ ಸೇರಿಕೊಂಡು, ಹಾಳೆಗೆ ಹೊಳಪೇರಿಸುವಾಗ ಉದುರಿ, ಸೂಕ್ಷ್ಮ ರಂಧ್ರಗಳನ್ನು ಉಳಿಸುತ್ತಿದ್ದವು. ಬಿಳುಪೊಂದನ್ನೇ ನೋಡಿ ಕಾಗದ ಕೊಳ್ಳಬಾರದೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ನಮಗೆ ಬೇಡ.

ಹಾಗಾದರೆ ನೋಡಬೇಕಾದುದು ಏನು? ಕಾಗದವೆಂದರೆ ಸಸ್ಯದ ನಾರುಗಳು ಒಂದರೊಡನೊಂದು ಹೆಣೆದುಕೊಂಡ ತೆಳ್ಳನೆಯ ಚಾಪೆ. ನಾರುಗಳ ನಡುವಿನ ಸಂದುಗಳು ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಮಸಿಯನ್ನು ಹೀರುತ್ತವೆ. ಈ ಹೀರಿಕೆಯನ್ನು ತಡೆಯಲೆಂದೇ ಹಿಂದಿನ ಕಾಗದದ ಕುಶಲಿಗಳು ಹಾಳೆಗೆ ಗಂಜಿ ಬಳಿದು, ನುಣುಪಾದ ಕಲ್ಲಿನಿಂದ ತಿಕ್ಕುತ್ತಿದ್ದರು. ನಮ್ಮ ನಾಡಿನಲ್ಲಿ, ಕಾಳೀ ನದಿಯ ದಡದ ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನಂತಹ ಕಾರ್ಖಾನೆಗಳಲ್ಲಿ ಅದೇ ಕೆಲಸವನ್ನು ಈಗ ಯಂತ್ರಗಳು ಮಾಡುತ್ತವೆ. ಒತ್ತುಕಾಗದಕ್ಕೆ ಈ ಸಂಸ್ಕಾರವಿಲ್ಲ. ಆದುದರಿಂದಲೇ ಅದು ಚೆಲ್ಲಿದ ಮಸಿಯನ್ನೆಲ್ಲ ಕುಡಿದುಬಿಡುತ್ತದೆ.

ಇನ್ನು ಪ್ರಿಂಟರಿನ ಜಾತಿಯನ್ನು ತಿಳಿಯಬೇಕು. ಇಂಕ್‌ಜೆಟ್ ಪ್ರಿಂಟರು ದ್ರವವಾದ ಮಸಿಯನ್ನು ಅತಿ ಸಣ್ಣ ಹನಿಗಳಾಗಿ ಸಿಡಿಸುತ್ತದೆ. ಸಡಿಲವಾದ ಅಗ್ಗದ ಕಾಗದದ ಮೇಲೆ ಆ ಹನಿ ನಾರಿನ ಜಾಡು ಹಿಡಿದು ಹರಿಯುತ್ತದೆ, ಧಕಾರದ ಗೀಟು ಮಾಯವಾಗುವುದು ಇಲ್ಲಿಯೇ. ಲೇಸರ್ ಪ್ರಿಂಟರಿನಲ್ಲಿ ದ್ರವವೇ ಇಲ್ಲ. ನವಿರಾದ ಕಪ್ಪು ಪುಡಿಯನ್ನು ವಿದ್ಯುತ್ತಿನ ಆಕರ್ಷಣೆಯಿಂದ ಹಾಳೆಯ ಮೇಲೆ ಕೂರಿಸಿ, ಕಾದ ಉರುಳೆಯಿಂದ ಒತ್ತಿ ಕರಗಿಸಿ ಅಂಟಿಸುತ್ತಾರೆ. ಪುಡಿ ಹರಿಯುವುದಿಲ್ಲ, ಆದಕಾರಣ ಸಾಧಾರಣ ಕಾಗದವೂ, ನುಣುಪಾಗಿ ಒಣಗಿದ್ದರೆ, ಲೇಸರಿಗೆ ಸಾಕು. ಆದರೆ ಇಂಕ್‌ಜೆಟ್ಟಿಗಾಗಿ ಮಾಡಿದ ಹೊಳಪಿನ ಚಿತ್ರಕಾಗದವನ್ನು ಲೇಸರಿಗೆ ಎಂದಿಗೂ ಕೊಡಬಾರದು. ಅದರ ಲೇಪ ಬಿಸಿಗೆ ಕರಗಿ ಉರುಳೆಗೆ ಅಂಟಿಕೊಂಡರೆ, ಒಂದು ಚಿತ್ರದ ಆಸೆಗೆ ಯಂತ್ರವೇ ಕೆಟ್ಟೀತು.

ಪೊಟ್ಟಣದ ಮೇಲೆ 70, 75, 80 ಜಿ.ಎಸ್.ಎಂ. ಎಂದು ಅಚ್ಚಾಗಿರುತ್ತದೆ. ಒಂದು ಚದರ ಮೀಟರ್ ಕಾಗದದ ತೂಕ ಅಷ್ಟು ಗ್ರಾಂ ಎಂದರ್ಥ. ಎ-4 ಹಾಳೆ ಚದರ ಮೀಟರಿನ ಹದಿನಾರನೆಯ ಒಂದು ಪಾಲು. ಲೆಕ್ಕ ಹಾಕಿರಿ: 80ರ ಒಂದು ಹಾಳೆ 5 ಗ್ರಾಂ, 500 ಹಾಳೆಗಳ ರೀಮು ಎರಡೂವರೆ ಕಿಲೋ. 70ರದಾದರೆ ರೀಮು ಸುಮಾರು 2.2 ಕಿಲೋ ಮಾತ್ರ. ಅಂಗಡಿಯ ತಕ್ಕಡಿಯೇ ನಿಮಗೆ ನಿಜ ಹೇಳುತ್ತದೆ. ಒಂದೇ ಮಗ್ಗುಲಿನ ಅಚ್ಚಿಗೆ 70 ಸಾಕೆಂದೇ ನನ್ನ ಅಭಿಪ್ರಾಯ. ಎರಡೂ ಮಗ್ಗುಲಿಗೆ ಅಚ್ಚುಮಾಡುವುದಾದರೆ 80 ಲೇಸು. ತೆಳುಹಾಳೆಯಲ್ಲಿ ಹಿಂದಿನ ಅಕ್ಷರ ಮುಂದೆ ಇಣುಕಿ ಓದುವವನನ್ನು ಕಾಡುತ್ತದೆ. ಪ್ರಶಸ್ತಿಪತ್ರದಂತಹ ದಪ್ಪ ಕಾಗದಕ್ಕೆ ಮೊದಲು ಪ್ರಿಂಟರಿನ ಕೈಪಿಡಿಯನ್ನು ನೋಡಬೇಕು. ಎಷ್ಟು ದಪ್ಪವನ್ನು ತಾಳೀತೆಂಬುದು ಅಲ್ಲಿ ಬರೆದಿರುತ್ತದೆ.

ಇಲ್ಲಿನ ಹವೆಯನ್ನು ಮರೆಯುವಂತಿಲ್ಲ. ಮಳೆಗಾಲದಲ್ಲಿ ಬಿಚ್ಚಿಟ್ಟ ಕಾಗದ ತೇವವನ್ನು ಹೀರಿ ಅಂಚಿನಲ್ಲಿ ಅಲೆಯಾಗುತ್ತದೆ, ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಬಿರುಬೇಸಗೆಯ ಒಣಹವೆಯಲ್ಲಿ ಹಾಳೆಗಳು ವಿದ್ಯುದಾಕರ್ಷಣೆಯಿಂದ ಒಂದಕ್ಕೊಂದು ಅಂಟಿಕೊಂಡು ಎರಡೆರಡಾಗಿ ಒಳಗೆ ನುಗ್ಗುತ್ತವೆ. ರೀಮನ್ನು ಅದರ ಹೊದಿಕೆಯಲ್ಲಿಯೇ ಚಪ್ಪಟೆಯಾಗಿ ಮಲಗಿಸಿಡಿ. ಬೇಕಾದಷ್ಟನ್ನೇ ತೆಗೆದು, ಇಸ್ಪೀಟಿನ ಎಲೆಗಳಂತೆ ಒಮ್ಮೆ ಬಿಡಿಸಿ, ಅಂಚು ಸರಿಮಾಡಿ ತುಂಬಿರಿ. ಹೊದಿಕೆಯ ಮೇಲೆ ಬಾಣದ ಗುರುತಿದ್ದರೆ, ಮೊದಲು ಅಚ್ಚಾಗಬೇಕಾದ ಮಗ್ಗುಲು ಅದು ತೋರಿಸಿದ್ದು.

ಕೊಳ್ಳುವ ಮುನ್ನ ಎರಡು ಮೂರು ಬಗೆಯ ಒಂದೊಂದು ಹಾಳೆಯನ್ನು ಅಂಗಡಿಯವರಿಂದ ಕೇಳಿ ತನ್ನಿರಿ. ದನ, ಧನ, ಫಲ, ಪಾಠ, ಕೃಷ್ಣ, ರಾಷ್ಟ್ರ ಎಂಬ ಪದಗಳನ್ನು ಸಣ್ಣ ಅಕ್ಷರದಲ್ಲಿ ಎಲ್ಲವುಗಳ ಮೇಲೂ ಅಚ್ಚುಮಾಡಿ, ಆರಲು ಬಿಟ್ಟು, ವಿಜ್ಞಾನದ ತರಗತಿಯ ಮಸೂರದಿಂದ ನೋಡಿರಿ. ‘ಧ’ದ ಗೀಟು ಮೈಗೆ ಕರಗದೆ, ‘ಷ್ಟ್ರ’ದ ಎರಡು ಒತ್ತುಗಳೂ ಬಿಡಿಬಿಡಿಯಾಗಿ ಯಾವುದರಲ್ಲಿ ಕಾಣುತ್ತವೆಯೋ ಅದರ ರೀಮನ್ನೇ ಕೊಳ್ಳಿರಿ. ಉಳಿದ ಹಾಳೆಗಳ ಹಿಂಬದಿಯಲ್ಲಿ ಲೆಕ್ಕ ಮಾಡಬಹುದು.