ರೀಲು, ಗಡಿಯಾರ, ಸ್ವರ: ಇಳಯರಾಜ ಹಿನ್ನೆಲೆ ಸಂಗೀತ ಕಟ್ಟುವ ಬಗೆ

ನಮ್ಮ ಸಿನಿಮಾಗಳಲ್ಲಿ ಹಾಡು ಸಾಮಾನ್ಯವಾಗಿ ಚಿತ್ರೀಕರಣಕ್ಕೆ ಮೊದಲೇ ಸಿದ್ಧವಾಗಿರುತ್ತದೆ. ಹಾಡಿಗೆ ತಕ್ಕಂತೆ ಕ್ಯಾಮೆರಾ ನಡೆಯುತ್ತದೆ, ನಟರು ತುಟಿ ಆಡಿಸುತ್ತಾರೆ. ಹಿನ್ನೆಲೆ ಸಂಗೀತದ ಸರದಿ ಬರುವುದು ಶೂಟಿಂಗ್, ಸಂಕಲನ, ಡಬ್ಬಿಂಗ್ ಮುಗಿದ ಮೇಲೆ. ಆಗ ದೃಶ್ಯದ ಉದ್ದ ಬದಲಾಗುವಂತಿಲ್ಲ, ಮಾತು ಕದಲುವಂತಿಲ್ಲ, ಬಿಡುಗಡೆಯ ದಿನವೂ ಹತ್ತಿರ ಬಂದಿರುತ್ತದೆ. ದಕ್ಷಿಣದ ಸಿನಿಮಾ ಮಂದಿ ‘ರೀರೆಕಾರ್ಡಿಂಗ್’ ಎಂದು ಕರೆಯುವ ಈ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಲು ಇಳಯರಾಜ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕಲಿಕೆಯ ದಾರಿ

1943ರಲ್ಲಿ ತಮಿಳುನಾಡಿನ ಪನ್ನೈಪುರಂನಲ್ಲಿ ಹುಟ್ಟಿದ ಇಳಯರಾಜ, ಅಣ್ಣ ಪಾವಲರ್ ವರದರಾಜನ್ ಅವರ ತಂಡದೊಂದಿಗೆ ಊರೂರು ಸುತ್ತಿ ಹಾಡಿದವರು. ಮದ್ರಾಸಿಗೆ ಬಂದ ಮೇಲೆ ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತವನ್ನೂ ಅದರ ಸ್ಟಾಫ್ ನೊಟೇಶನ್ ಬರವಣಿಗೆಯನ್ನೂ ಕಲಿತರು. ಸಿನಿಮಾದ ಪಾಠ ಸಿಕ್ಕಿದ್ದು ನಮ್ಮ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರಲ್ಲಿ. ಅವರ ಸಹಾಯಕರಾಗಿ, ಗಿಟಾರ್ ವಾದಕರಾಗಿ ಇಳಯರಾಜ ದುಡಿದ ಚಿತ್ರಗಳಲ್ಲಿ ಬಹುಪಾಲು ಕನ್ನಡದವು. 1976ರ ‘ಅನ್ನಕ್ಕಿಳಿ’ಯಿಂದ ಸ್ವತಂತ್ರ ಸಂಗೀತ ನಿರ್ದೇಶಕರಾದ ಅವರು, ಮುಂದೆ ‘ಜನ್ಮ ಜನ್ಮದ ಅನುಬಂಧ’, ‘ಗೀತಾ’, ‘ಪಲ್ಲವಿ ಅನುಪಲ್ಲವಿ’ ಚಿತ್ರಗಳ ಮೂಲಕ ಕನ್ನಡಕ್ಕೆ ಮರಳಿದರು.

ಮೊದಲು ಲೆಕ್ಕ

35 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮುಗಳಿರುತ್ತವೆ. ಸೆಕೆಂಡಿಗೆ 24 ಫ್ರೇಮ್ ಓಡುವುದರಿಂದ ನಿಮಿಷಕ್ಕೆ 90 ಅಡಿ ಸರಿಯುತ್ತದೆ. ಸಾವಿರ ಅಡಿಯ ರೀಲು ಸುಮಾರು 11 ನಿಮಿಷದಲ್ಲಿ ಮುಗಿಯುತ್ತದೆ. ಫಿಲ್ಮಿನ ಕಾಲದಲ್ಲಿ ಸಂಗೀತ ನಿರ್ದೇಶಕ ರೀಲು ರೀಲಾಗಿ ನೋಡಿ, ಸಂಗೀತ ಎಲ್ಲಿ ಹೊರಡಬೇಕು, ಎಲ್ಲಿ ನಿಲ್ಲಬೇಕು ಎಂದು ಗುರುತು ಹಾಕಿಕೊಳ್ಳಬೇಕಿತ್ತು.

ಒಂದು ದೃಶ್ಯ ಶುರುವಾಗಿ ಸರಿಯಾಗಿ 14 ಸೆಕೆಂಡಿಗೆ ಬಾಗಿಲು ತೆರೆಯುತ್ತದೆ, ಅಲ್ಲಿಗೆ ಹೊಸ ಆವರ್ತದ ಮೊದಲ ಪೆಟ್ಟು ಬೀಳಬೇಕು ಎಂದುಕೊಳ್ಳಿ. ನಿಮಿಷಕ್ಕೆ 60 ಪೆಟ್ಟಿನ ಲಯದಲ್ಲಿ, ನಾಲ್ಕೆಣಿಕೆಯ ಆವರ್ತದಲ್ಲಿ ನಡೆದರೆ, ಮೂರು ಆವರ್ತ ಮುಗಿದು ಇನ್ನೆರಡು ಎಣಿಕೆ ಆಗುವಷ್ಟರಲ್ಲಿ ಬಾಗಿಲು ತೆರೆದುಬಿಡುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಕೊನೆಗೆ ಎರಡೆಣಿಕೆಯ ಒಂದು ತುಂಡು ಆವರ್ತ ಸೇರಿಸಬಹುದು. ಇಲ್ಲವೇ ಲಯವನ್ನು 69ರ ಆಸುಪಾಸಿಗೆ ಏರಿಸಿ ನಾಲ್ಕು ಪೂರ್ತಿ ಆವರ್ತಗಳನ್ನು ಅಷ್ಟರಲ್ಲೇ ಮುಗಿಸಬಹುದು. ಮೊದಲನೆಯದು ಕೇಳುಗನನ್ನು ಬೆಚ್ಚಿಸುತ್ತದೆ, ಎರಡನೆಯದು ಸದ್ದಿಲ್ಲದೆ ಕರೆದೊಯ್ಯುತ್ತದೆ. ದೃಶ್ಯಕ್ಕೆ ಯಾವುದು ಬೇಕು ಎಂಬ ತೀರ್ಮಾನದಲ್ಲೇ ಸಂಗೀತ ನಿರ್ದೇಶಕನ ಗುಣ ಗೊತ್ತಾಗುತ್ತದೆ.

ಹಾಳೆಯ ಮೇಲೆ ಸಂಗೀತ

ಅನೇಕರು ಹಾರ್ಮೋನಿಯಂ ಅಥವಾ ಕೀಬೋರ್ಡಿನ ಮುಂದೆ ಕುಳಿತು ಧಾಟಿ ಹುಡುಕುತ್ತಾರೆ. ಇಳಯರಾಜ ದೃಶ್ಯ ನೋಡಿ, ವಾದ್ಯವನ್ನು ಮುಟ್ಟದೆ, ಪಿಟೀಲಿನಿಂದ ಬೇಸ್ ಗಿಟಾರ್‌ವರೆಗೆ ಪ್ರತಿ ವಾದ್ಯದ ಪಾಲನ್ನೂ ನೇರವಾಗಿ ಹಾಳೆಗೆ ಇಳಿಸುತ್ತಾರೆ. ಅದನ್ನು ವಾದ್ಯವಾರು ನಕಲು ಮಾಡಿ ಹಂಚುತ್ತಾರೆ; ವಾದಕರು ನೋಡಿಕೊಂಡು ನುಡಿಸುತ್ತಾರೆ. ಬರೆದದ್ದರಲ್ಲಿ ನಿಖರತೆ ಇದ್ದರೆ ಕೆಲವೇ ದಿನಗಳ ಗಡುವಿನಲ್ಲೂ ದೊಡ್ಡ ವಾದ್ಯವೃಂದದಿಂದ ಕೆಲಸ ತೆಗೆಯಬಹುದು. ‘ಗುರು’ ಎಂಬ ಮಲಯಾಳ ಚಿತ್ರಕ್ಕೆ, ‘ತಿರುವಾಸಗಂ’ ಕೃತಿಗೆ ಬುಡಾಪೆಸ್ಟಿನ ವಾದ್ಯವೃಂದ ನುಡಿಸಲು ಸಾಧ್ಯವಾದದ್ದು ಇದೇ ಬರವಣಿಗೆಯಿಂದ. 2025ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಅವರ ‘ವೇಲಿಯಂಟ್’ ಸಿಂಫನಿಯನ್ನು ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ನುಡಿಸಿತು.

ಒಂದೇ ಸ್ವರ, ಎರಡು ಭಾವ

ರಾಗಕ್ಕೆ ಪಾಶ್ಚಾತ್ಯ ಸ್ವರಮೇಳ (ಕಾರ್ಡ್) ಜೋಡಿಸುವುದು ತೊಡಕಿನ ಕೆಲಸ. ಗಮಕದಲ್ಲಿ ಸ್ವರ ತೂಗಾಡುತ್ತದೆ. ಮೇಳಕ್ಕೆ ಸ್ವರ ಒಂದೆಡೆ ನಿಲ್ಲಬೇಕು. ಹೀಗಾಗಿ ಗಮಕವನ್ನು ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು ಎಂಬ ವಿವೇಕ ಬೇಕು.

ಮೋಹನ ರಾಗವನ್ನೇ ನೋಡಿ. ಅದರ ಸ್ವರಗಳು ಸ, ರಿ, ಗ, ಪ, ದ. ಮೇಲೆ ಕೊಳಲು ‘ಗ’ ಹಿಡಿದು ನಿಂತಿರುವಾಗ ಕೆಳಗೆ ಸ-ಗ-ಪ ಮೇಳ ಕೂಡಿದರೆ ದೃಶ್ಯ ಬೆಳಗುತ್ತದೆ. ಕೊಳಲು ಕದಲದಿದ್ದರೂ ಬೇಸ್ ‘ದ’ಕ್ಕೆ ಇಳಿದು ದ-ಸ-ಗ ಮೇಳವಾದರೆ ಅದೇ ‘ಗ’ದಲ್ಲಿ ವಿಷಾದ ಕೇಳಿಸುತ್ತದೆ. ಮೇಲಿನ ಧಾಟಿಯನ್ನು ಮುಟ್ಟದೆ, ಕೆಳಗಿನ ಸ್ವರದಿಂದ ದೃಶ್ಯದ ಮನಸ್ಸು ಬದಲಿಸುವುದು ಇಳಯರಾಜ ಶೈಲಿಯ ಜೀವಾಳ. ಅವರ ಬೇಸ್ ಗಿಟಾರ್ ಬರೀ ತಾಳ ಹಿಡಿಯುವುದಿಲ್ಲ. ತನ್ನದೇ ಇನ್ನೊಂದು ಧಾಟಿ ಹಾಡುತ್ತಿರುತ್ತದೆ. ಹೀಗೆ ಎರಡು ಧಾಟಿಗಳನ್ನು ಏಕಕಾಲಕ್ಕೆ ನಡೆಸುವ, ಪಾಶ್ಚಾತ್ಯ ಸಂಗೀತಕಾರ ಬಾಖ್ ಅವರ ಪದ್ಧತಿಯನ್ನು ಅವರು 1986ರ ‘ಹೌ ಟು ನೇಮ್ ಇಟ್’ ಆಲ್ಬಮ್ಮಿನಲ್ಲಿ ತ್ಯಾಗರಾಜರ ಪರಂಪರೆಯೊಂದಿಗೆ ಬೆಸೆದು ತೋರಿಸಿದರು.

ಮಾತಿಗೆ ಜಾಗ

ಪಾತ್ರಗಳು ಮಾತಾಡುತ್ತಿರುವಾಗ ಅದೇ ಸ್ಥಾಯಿಯಲ್ಲಿ ದಟ್ಟವಾಗಿ ನುಡಿಸಿದರೆ ಮಾತು ಮುಚ್ಚಿಹೋಗುತ್ತದೆ. ಆಗ ಒಂದೋ ಸ್ವರಗಳನ್ನು ವಿರಳಗೊಳಿಸಬೇಕು, ಇಲ್ಲವೇ ವಾದ್ಯವನ್ನು ಮಾತಿಗಿಂತ ಮೇಲಕ್ಕೋ ಕೆಳಕ್ಕೋ ಕಳಿಸಬೇಕು. ಮೌನವೂ ಲೆಕ್ಕದಲ್ಲಿ ಸೇರಿದ್ದೇ: ಎಡೆಬಿಡದೆ ನುಡಿಯುವ ಸಂಗೀತ ಮುಖ್ಯ ಘಳಿಗೆಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹಾಡಿನ ಧಾಟಿಯೇ ಮಾತಿಲ್ಲದೆ ಹಿನ್ನೆಲೆಗೆ ಬರುವುದು ಇನ್ನೊಂದು ಉಪಾಯ. ಪರಿಚಿತ ಧಾಟಿಯನ್ನು ನಿಧಾನಿಸಿ, ವಾದ್ಯ ಬದಲಿಸಿ ನುಡಿಸಿದರೆ ಪ್ರೇಕ್ಷಕನಿಗೆ ಹಿಂದಿನ ಘಟನೆ ತಾನಾಗಿ ನೆನಪಾಗುತ್ತದೆ. ಇದಕ್ಕೆ ಸಾಹಿತ್ಯವಿಲ್ಲದೆಯೂ ನಿಲ್ಲುವ ಧಾಟಿ ಬೇಕು. 1983ರ ‘ಪಲ್ಲವಿ ಅನುಪಲ್ಲವಿ’ಯ ಧಾಟಿಯೊಂದು ಎಷ್ಟೋ ವರ್ಷಗಳ ನಂತರ ಐಡಿಯಾ ಮೊಬೈಲ್ ಜಾಹೀರಾತಾಗಿ ದೇಶವಿಡೀ ಕೇಳಿಸಿದ್ದು ಅಂಥ ಗಟ್ಟಿತನಕ್ಕೆ ಸಾಕ್ಷಿ.

ದೃಶ್ಯಕ್ಕೆ ಸಂಗೀತ ಅಳವಡಿಸುವ ಈ ಕೌಶಲದ ಕಠಿಣ ಪರೀಕ್ಷೆ ನಡೆದದ್ದು ಕಮಲ್ ಹಾಸನ್ ಅವರ ‘ಹೇ ರಾಮ್’ನಲ್ಲಿ (2000). ಮೊದಲು ಎಲ್. ಸುಬ್ರಹ್ಮಣ್ಯಂ ಸಂಗೀತ ನೀಡಿದ್ದರು; ಹಾಡುಗಳ ಚಿತ್ರೀಕರಣ ನಡೆದಿತ್ತು. ಅವರು ಹೊರನಡೆದ ಮೇಲೆ ಬಂದ ಇಳಯರಾಜ, ಚಿತ್ರೀಕರಿಸಿದ್ದನ್ನು ಹಾಗೇ ಉಳಿಸಿಕೊಂಡು, ನಟರ ತುಟಿಯ ಚಲನೆಗೆ ಕೂರುವಂತೆ ಹೊಸ ಧಾಟಿಗಳನ್ನು ಕಟ್ಟಿಕೊಟ್ಟರು. ಹಿನ್ನೆಲೆ ಸಂಗೀತದ ಶಿಸ್ತು ಹಾಡಿಗೂ ಒದಗಿಬಂತು.

ಕೇಳುವುದು ಹೇಗೆ?

ಅವರ ಚಿತ್ರದ ಮೂರು ನಿಮಿಷದ ದೃಶ್ಯವೊಂದನ್ನು ಆರಿಸಿಕೊಳ್ಳಿ. ಮೊದಲು ಸದ್ದು ನಿಲ್ಲಿಸಿ ನೋಡಿ, ಸಂಗೀತ ಎಲ್ಲಿ ಬೇಕೆನಿಸುತ್ತದೆ ಎಂದು ಗುರುತಿಸಿ. ಬಳಿಕ ಸದ್ದಿನೊಂದಿಗೆ ನೋಡಿ, ಅವರು ಎಲ್ಲಿ ಹೊರಟರು, ಎಲ್ಲಿ ಸುಮ್ಮನಾದರು ಎಂದು ಹೋಲಿಸಿ. ಕೊನೆಗೆ ಬೇಸ್ ಒಂದನ್ನೇ ಹಿಂಬಾಲಿಸಿ. ಇದಕ್ಕೆ ಮೊಬೈಲ್ ಸ್ಪೀಕರ್ ಸಾಲದು, ತಗ್ಗು ಸ್ವರಗಳು ಅದರಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ, ಅವರ ಅರ್ಧ ಕೆಲಸ ನಡೆದಿರುವುದು ಆ ತಗ್ಗು ಸ್ವರಗಳಲ್ಲೇ.