ಮನೆಯೊಳಗಿನ ಗಿಡಗಳು ಮತ್ತು ಮನೆಯವರ ಆರೋಗ್ಯ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳೆಯ ಮನೆಗಳಿಗೆ ಹಿತ್ತಲೆಂಬುದೊಂದು ಇದ್ದೇ ಇರುತ್ತಿತ್ತು. ಬಚ್ಚಲ ನೀರು ಹರಿದುಹೋಗುವಲ್ಲಿ ಬಾಳೆ, ಕೆಸವು. ಗೋಡೆಯ ಮಗ್ಗುಲಿಗೆ ಕರಿಬೇವು, ನುಗ್ಗೆ. ಪೂಜೆಗೆಂದು ದಾಸವಾಳ, ಕಣಗಲ, ಅನುಕೂಲವಿದ್ದವರಲ್ಲಿ ಒಂದು ಬಿಲ್ವಪತ್ರೆಯ ಮರ. ಅದರ ಮೇಲೊಂದು ಕಣ್ಣು ಯಾವಾಗಲೂ ಮನೆಯ ಹಿರಿಯ ತಾಯಿಯದಾಗಿರುತ್ತಿತ್ತು. ಯಾವ ಎಲೆ ಯಾವುದಕ್ಕೆ ಬರುತ್ತದೆ, ಯಾವ ಗಿಡದ ಹಾಲು ಕಣ್ಣಿಗೆ ಬೀಳಬಾರದು, ಯಾವ ಕಾಯನ್ನು ಮಕ್ಕಳು ಮುಟ್ಟಬಾರದು ಎಂಬುದು ಆಕೆಗೆ ತಿಳಿದಿತ್ತು. ಆಕೆಯಿಂದ ಸೊಸೆಗೂ ಮೊಮ್ಮಕ್ಕಳಿಗೂ ತಿಳಿಯುತ್ತಿತ್ತು. ಇಂದು ಆ ಹಿತ್ತಲಿನ ಜಾಗದಲ್ಲಿ ಸ್ಲ್ಯಾಬಿನ ಮನೆ ಎದ್ದಿದೆ. ಹಿತ್ತಲು ಕುಂಡಗಳಾಗಿ ಮಾಳಿಗೆಯನ್ನೂ ಪಡಸಾಲೆಯನ್ನೂ ಏರಿದೆ. ಪೇಟೆಯ ನರ್ಸರಿಯಿಂದ ಹೆಸರೂ ತಿಳಿಯದ ಗಿಡಗಳು ಬಂದಿವೆ, ಆದರೆ ಅವುಗಳ ಗುಣದೋಷ ಹೇಳಬಲ್ಲವರು ಜೊತೆಗೆ ಬಂದಿಲ್ಲ. ಆದ್ದರಿಂದ ಮನೆಯೊಳಗಿನ ಗಿಡಗಳಿಂದ ನಿಜವಾಗಿ ದೊರೆಯುವ ಲಾಭವೇನು, ಎಚ್ಚರ ಬೇಕಾದದ್ದು ಎಲ್ಲಿ ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಗಿಡವಿಟ್ಟರೆ ಮನೆಯ ಗಾಳಿ ಶುದ್ಧವಾಗುತ್ತದೆಂಬ ಮಾತು ಭಕ್ತರ ಮೊಬೈಲುಗಳಿಗೆ ಮೇಲಿಂದ ಮೇಲೆ ಬರುತ್ತಿರುತ್ತದೆ. ಇದರ ಮೂಲ, ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ 1989ರಲ್ಲಿ ಪ್ರಕಟಿಸಿದ ಒಂದು ವರದಿ. ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಗಿಡಗಳನ್ನಿಟ್ಟು, ಬಣ್ಣ ಮತ್ತು ಅಂಟುಗಳಿಂದ ಹೊಮ್ಮುವಂಥ ರಾಸಾಯನಿಕಗಳು ಕಡಿಮೆಯಾಗುವುದನ್ನು ಅಲ್ಲಿ ಅಳೆದಿದ್ದರು. ಮನೆ ಅಂಥ ಪೆಟ್ಟಿಗೆಯಲ್ಲ. ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಒಂದು ವಿಮರ್ಶೆಯು, ತೆರೆದ ಕಿಟಕಿಯಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡಗಳು ಬೇಕೆಂದು ಲೆಕ್ಕ ಹಾಕಿತು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಗೆ ಕನಿಷ್ಠವೆಂದರೂ ತೊಂಬತ್ತು ಕುಂಡಗಳಾದವು! ಅಡುಗೆಮನೆಯಲ್ಲಿ ಇನ್ನೂ ಕಟ್ಟಿಗೆಯ ಒಲೆ ಉರಿಯುತ್ತಿದ್ದರೆ, ರೊಟ್ಟಿ ಸುಡುವ ತಾಯಂದಿರ ಶ್ವಾಸಕೋಶವನ್ನು ಕಾಯುವುದು ಹೊಗೆಗಿಂಡಿಯೇ ಹೊರತು ಮನಿಪ್ಲಾಂಟ್ ಅಲ್ಲ. ರಾತ್ರಿ ಗಿಡಗಳು ಕೆಟ್ಟ ಗಾಳಿ ಬಿಡುತ್ತವೆಂಬ ಭಯವೂ ಇಷ್ಟೇ ನಿರಾಧಾರವಾದುದು. ಪಕ್ಕದಲ್ಲಿ ಮಲಗಿದ ಒಬ್ಬ ಮನುಷ್ಯನು ಬಿಡುವ ಉಸಿರಿನ ಮುಂದೆ ಎರಡು ಕುಂಡಗಳದು ಲೆಕ್ಕಕ್ಕೇ ಬಾರದು.

ಹಾಗಾದರೆ ಲಾಭವಿಲ್ಲವೇ? ಇದೆ, ಆದರೆ ಅದು ಗಾಳಿಯಲ್ಲಿಲ್ಲ, ಆರೈಕೆಯಲ್ಲಿದೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ವೃದ್ಧಾಶ್ರಮದಲ್ಲಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಒಂದು ಮಹಡಿಯ ಹಿರಿಯರಿಗೆ, ಕೋಣೆಯ ವ್ಯವಸ್ಥೆ, ಸಿನಿಮಾ ನೋಡುವ ದಿನ ಮುಂತಾದವನ್ನು ನೀವೇ ನಿರ್ಧರಿಸಿರೆಂದು ಹೇಳಿ, ತಮಗೆ ಬೇಕಾದ ಒಂದು ಗಿಡವನ್ನು ಆರಿಸಿಕೊಂಡು ಸಾಕಲು ಬಿಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರುಣಿಸುವ ಹೊಣೆಯನ್ನು ದಾದಿಯರಿಗೆ ವಹಿಸಿದರು. ಮೂರು ವಾರಗಳಲ್ಲಿ, ಹೊಣೆ ಹೊತ್ತ ಹಿರಿಯರಲ್ಲಿ ನೂರಕ್ಕೆ 93 ಮಂದಿ ಚುರುಕುತನದಲ್ಲೂ ಲವಲವಿಕೆಯಲ್ಲೂ ಸುಧಾರಿಸಿದ್ದರೆ, ಎಲ್ಲವನ್ನೂ ಬೇರೆಯವರೇ ಮಾಡಿಕೊಟ್ಟವರಲ್ಲಿ ನೂರಕ್ಕೆ 71 ಮಂದಿ ಇನ್ನಷ್ಟು ಕುಗ್ಗಿದ್ದರು. ಅಧ್ಯಯನ ಚಿಕ್ಕದು, ಗಿಡವೊಂದರಿಂದಲೇ ಆ ಫಲ ಬಂತೆನ್ನಲೂ ಬಾರದು. ಆದರೂ ಎರಡೂ ಮಹಡಿಗಳಲ್ಲಿ ಗಿಡವಿತ್ತೆಂಬುದನ್ನು ಗಮನಿಸಬೇಕು. ವ್ಯತ್ಯಾಸವಿದ್ದದ್ದು ಗಿಡ ಯಾರ ಪಾಲಿಗೆ ಎಂಬುದರಲ್ಲಿ.

ನಮ್ಮ ಸೀಮೆಯ ಮನೆಗಳಿಗೆ ಈ ಮಾತು ಚೆನ್ನಾಗಿ ಹೊಂದುತ್ತದೆ. ಮಕ್ಕಳು ನೌಕರಿಗೆಂದು ಬೆಂಗಳೂರು, ಪುಣೆ ಸೇರಿದ್ದಾರೆ. ಹೊಲದ ಕೆಲಸ ಬಿಟ್ಟ ಹಿರಿಯರು ಕಟ್ಟೆಯ ಮೇಲೆ ಕುಳಿತು ದಿನ ಕಳೆಯುತ್ತಾರೆ. ಮಕ್ಕಳು ಪ್ರೀತಿಯಿಂದಲೇ, “ಅವ್ವಾ, ನೀ ಏನೂ ಮಾಡಬ್ಯಾಡ, ಸುಮ್ಮನ ಕುಂದರು” ಎನ್ನುತ್ತಾರೆ. ಆ ಪ್ರೀತಿಯು ಹಿರಿಯರ ಕೈಯಿಂದ ಕಾಯಕವನ್ನು ಕಿತ್ತುಕೊಳ್ಳುತ್ತದೆ. ಕೈಗೆ ಕೆಲಸವಿಲ್ಲದ ಮೇಲೆ ನಿದ್ದೆ ಕೆಡುತ್ತದೆ, ಕೀಲು ಬಿಗಿಯುತ್ತದೆ, ಮನಸ್ಸು ಮುದುಡುತ್ತದೆ. ಎಂಟು ಹತ್ತು ಕುಂಡಗಳನ್ನು ಅವರಿಗೇ ಬಿಟ್ಟುಕೊಡಬೇಕು. ಯಾವ ಗಿಡ ಬೇಕೆಂಬುದನ್ನು ಅವರೇ ಹೇಳಲಿ. ಮಗನು ಮೋಟರು ಹಚ್ಚಿ ಪೈಪು ಹಿಡಿದು ಎರಡು ನಿಮಿಷದಲ್ಲಿ ನೀರುಣಿಸಿಬಿಟ್ಟರೆ ಗಿಡ ಬದುಕೀತು, ಆದರೆ ಹಿರಿಯರಿಗೆ ಬರಬೇಕಾದ ಪ್ರಯೋಜನ ಬರಲಿಲ್ಲ. ಮೊಮ್ಮಗುವಿನ ಹೆಸರಿನಲ್ಲೊಂದು ಕುಂಡವಿದ್ದರೆ ಆಯಿ ಮತ್ತು ಮೊಮ್ಮಗುವಿಗೆ ದಿನಕ್ಕೆ ಹತ್ತು ನಿಮಿಷದ ಮಾತಿಗೆ ವಿಷಯವೂ ದೊರೆಯುತ್ತದೆ. ಒಂದು ಸೂಚನೆ: ಕುಂಡಗಳು ಮಾಳಿಗೆಯ ಮೇಲಿರದೆ ಅಂಗಳದಲ್ಲೋ ಪಡಸಾಲೆಯ ಅಂಚಿನಲ್ಲೋ ಸೊಂಟದ ಎತ್ತರದ ಕಟ್ಟೆಯ ಮೇಲಿರಲಿ. ತುಂಬಿದ ಕೊಡ ಹಿಡಿದು ಮೆಟ್ಟಿಲೇರುವಾಗ ಬಿದ್ದು ತೊಡೆಯ ಮೂಳೆ ಮುರಿದರೆ ಹಾಸಿಗೆ ಹಿಡಿಯಬೇಕಾಗುತ್ತದೆ. ಮಧುಮೇಹವಿದ್ದವರು ಬರಿಗಾಲಲ್ಲಿ ಮಣ್ಣು ತುಳಿಯಬಾರದು. ಕಾಲಿಗೆ ಚುಚ್ಚಿದ ಮುಳ್ಳು ಅವರಿಗೆ ತಿಳಿಯದೆಯೇ ಹುಣ್ಣಾಗುವುದುಂಟು.

ಇನ್ನು ಎಚ್ಚರದ ಮಾತು. ಇದರಲ್ಲಿ ಮೊದಲು ಹೇಳಬೇಕಾದದ್ದು ಕಣಗಲದ ಸಂಗತಿಯನ್ನು.

ನೀರು ಕಡಿಮೆಯಾದರೂ ಬಾಡದೆ, ದನ ಮೇಕೆಗಳ ಬಾಯಿಗೂ ಬೀಳದೆ ವರ್ಷವಿಡೀ ಹೂ ಬಿಡುವ ಗಿಡವಾದ್ದರಿಂದ ಸವದತ್ತಿ, ರಾಮದುರ್ಗದಂಥ ಒಣಸೀಮೆಯಲ್ಲಿ ಪೂಜೆಯ ಹೂವೆಂದರೆ ಅನೇಕ ಮನೆಗಳಲ್ಲಿ ಕಣಗಲವೇ. ಅದರ ಎಲೆ, ಹೂವು, ತೊಗಟೆ, ಬೇರು, ಬೀಜಗಳೆಲ್ಲವೂ ವಿಷ. ಒಣಗಿಸಿದರೂ ಕುದಿಸಿದರೂ ಆ ವಿಷ ಹೋಗುವುದಿಲ್ಲ. ಅದರಲ್ಲಿರುವ ಓಲಿಯಾಂಡ್ರಿನ್ ಎಂಬ ವಸ್ತುವು, ಹೃದ್ರೋಗಿಗಳಿಗೆ ವೈದ್ಯರು ಅತಿ ಸಣ್ಣ ಪ್ರಮಾಣದಲ್ಲಿ ಅಳೆದು ಕೊಡುವ ಡಿಗಾಕ್ಸಿನ್ ಔಷಧದ ಜಾತಿಗೆ ಸೇರಿದ್ದು. ಅಳತೆಯಿಲ್ಲದೆ ಹೊಟ್ಟೆಗೆ ಹೋದರೆ ಹೃದಯದ ಬಡಿತ ನಿಧಾನವಾಗಿ, ಲಯ ತಪ್ಪಿ, ನಿಂತೇ ಹೋಗಬಹುದು. ಗಂಟೆಯಾಕಾರದ ಹಳದಿ ಹೂವಿನ ಕಾಡು ಕಣಗಲದ ಬೀಜವಂತೂ ಇನ್ನೂ ಉಗ್ರ. ಶ್ರೀಲಂಕಾದಲ್ಲಿ ಆ ಬೀಜ ತಿಂದು ಜೀವ ಕಳೆದುಕೊಂಡವರು ಬಹಳ ಮಂದಿ. ಕೇರಳದಲ್ಲಿ 2024ರ ಏಪ್ರಿಲ್ ಕೊನೆಯಲ್ಲಿ ವಿದೇಶಕ್ಕೆ ಹೊರಟಿದ್ದ ಯುವತಿಯೊಬ್ಬಳು ಮನೆಯಂಗಳದ ಕಣಗಲದ ಎಲೆಯನ್ನು ಮಾತಿನ ಭರದಲ್ಲಿ ಅಗಿದು, ಅದರಿಂದಲೇ ಮೃತಪಟ್ಟಳೆಂದು ವರದಿಯಾಯಿತು. ಮುಂದಿನ ತಿಂಗಳು ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ತಮ್ಮ ದೇವಾಲಯಗಳ ನೈವೇದ್ಯ ಮತ್ತು ಪ್ರಸಾದಗಳಲ್ಲಿ ಕಣಗಲದ ಹೂವನ್ನು ಬಳಸಬಾರದೆಂದು ನಿರ್ಧರಿಸಿದವು. ಪೂಜೆಗೆ ಏರಿಸುವುದನ್ನು ಅವು ನಿಲ್ಲಿಸಲಿಲ್ಲ. ನಮಗೂ ಇದೇ ಮಾರ್ಗ ಯೋಗ್ಯವೆನಿಸುತ್ತದೆ. ಲಿಂಗಪೂಜೆಗೆ ಕಣಗಲವನ್ನು ಏರಿಸುವವರು ಏರಿಸಲಿ. ಆದರೆ ಪಾದೋದಕದ ಬಟ್ಟಲಿಗೂ ಪ್ರಸಾದದ ತಟ್ಟೆಗೂ ಅದರ ಎಸಳೊಂದೂ ಬೀಳದಿರಲಿ. ಇಳಿಸಿದ ಹೂವನ್ನು ಅಂಬೆಗಾಲಿಡುವ ಕೂಸಿನ ಕೈಗೆಟಕುವಲ್ಲಿ ಇಡಬಾರದು, ದನದ ಗೋದಲಿಗೆ ಚೆಲ್ಲಬಾರದು. ಗಿಡ ಮುಟ್ಟಿದ ಕೈಯನ್ನು ತೊಳೆದುಕೊಂಡೇ ಊಟಕ್ಕೆ ಕೂಡಬೇಕು.

ಶಿವಪೂಜೆಗೆ ಒದಗುವ ಇನ್ನೆರಡು ಗಿಡಗಳಿಗೂ ಇದೇ ಎಚ್ಚರ ಸಲ್ಲುತ್ತದೆ. ಎಕ್ಕೆಯ ಹೂ ಬಿಡಿಸುವಾಗ ಸುರಿಯುವ ಹಾಲು ಕಣ್ಣಿಗೆ ತಾಗಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಬಾತು ದೃಷ್ಟಿ ಮಂಜಾಗುತ್ತದೆ. ವಿಶೇಷವೆಂದರೆ ಅನೇಕರಿಗೆ ಅಷ್ಟಾಗಿ ನೋವಾಗುವುದಿಲ್ಲ, ಆದ್ದರಿಂದಲೇ ತಡಮಾಡುತ್ತಾರೆ. ಕೂಡಲೇ ಶುದ್ಧ ನೀರನ್ನು ಹದಿನೈದು ನಿಮಿಷ ಧಾರೆಯಾಗಿ ಬಿಟ್ಟು ತೊಳೆದು, ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು. ಎದೆಹಾಲು, ಎಣ್ಣೆ ಮುಂತಾದವನ್ನು ಹಾಕಬಾರದು. ದತ್ತೂರಿಯ ಮುಳ್ಳುಕಾಯಿಯೊಳಗಿನ ಬೀಜ ತಿಂದ ಮಗುವಿನ ಬಾಯಿ ಒಣಗಿ, ಕಣ್ಣ ಪಾಪೆ ಹಿಗ್ಗಿ, ಮಾತು ಅಸಂಬದ್ಧವಾಗುತ್ತದೆ. ಗಾಳಿ ಸೋಕಿತೆಂದು ತಿಳಿದು ಹೊತ್ತು ಕಳೆಯಬಾರದು.

ಪಡಸಾಲೆಯ ಅಲಂಕಾರದ ಗಿಡಗಳಲ್ಲಿ ಅಗಲ ಎಲೆಯ ಮೇಲೆ ಬಿಳಿ ಚುಕ್ಕೆಗಳಿರುವ ಡೀಫೆನ್‌ಬಾಕಿಯಾ ಎಂಬುದೊಂದಿದೆ. ಸುವರ್ಣಗಡ್ಡೆ ಹೆಚ್ಚುವಾಗ ಕೈ ತುರಿಸುತ್ತದಲ್ಲವೇ, ಅದಕ್ಕೆ ಕಾರಣವಾದ ಸೂಜಿಯಂಥ ಹರಳುಗಳೇ ಈ ಎಲೆಯಲ್ಲೂ ದಂಡಿಯಾಗಿವೆ. ಮಗು ಕಚ್ಚಿದರೆ ನಾಲಿಗೆ, ತುಟಿ, ಗಂಟಲು ಬಾತುಕೊಂಡು ಮಾತೇ ಹೊರಡದಂತಾಗುತ್ತದೆ. ಮನಿಪ್ಲಾಂಟಿನಲ್ಲೂ ಇದೇ ಹರಳುಗಳಿವೆ, ಉಪದ್ರವ ಸಾಮಾನ್ಯವಾಗಿ ಕಡಿಮೆ. ನಾಲ್ಕೈದು ವರ್ಷ ತುಂಬದ ಮಕ್ಕಳಿರುವ ಮನೆಯಲ್ಲಿ ಡೀಫೆನ್‌ಬಾಕಿಯಾ ಬೇಡವೆಂದೇ ನಮ್ಮ ಅಭಿಪ್ರಾಯ. ರಾಮದುರ್ಗದ ನೇಕಾರರ ಮನೆಗಳಂತೆ ಮಗ್ಗಕ್ಕೇ ಜಾಗ ಸಾಲದೆ ಕುಂಡಗಳೆಲ್ಲ ಬಾಗಿಲ ಬಳಿ ನೆಲದ ಮೇಲಿರುವಲ್ಲಿ ಇದು ಇನ್ನೂ ಮುಖ್ಯ.

ಮಗು ಯಾವ ಗಿಡವನ್ನೇ ತಿಂದಿರಲಿ, ಬಾಯಲ್ಲಿ ಉಳಿದದ್ದನ್ನು ತೆಗೆದು ನೀರಿನಿಂದ ಒರೆಸಬೇಕು. ಉಪ್ಪುನೀರು ಕುಡಿಸಿ ಅಥವಾ ಗಂಟಲಿಗೆ ಬೆರಳಿಟ್ಟು ವಾಂತಿ ಮಾಡಿಸಬಾರದು. ತಿಂದ ಗಿಡದ ಒಂದು ಟೊಂಗೆಯನ್ನು ಚೀಲದಲ್ಲಿ ಹಾಕಿಕೊಂಡು, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೊರಡಬೇಕು. ಕಣಗಲವಾಗಿದ್ದರೆ ಮಗು ಆಡಿಕೊಂಡಿದ್ದರೂ ಹೋಗಲೇಬೇಕು. ಹೃದಯದ ತೊಂದರೆ ಕೆಲವು ತಾಸುಗಳ ಮೇಲೂ ತೋರಬಹುದು.

ಎರಡನೆಯ ಎಚ್ಚರ ನೀರಿನದು. ನಳದ ನೀರು ನಿತ್ಯ ಬಾರದ ಊರುಗಳಲ್ಲಿ ತೊಟ್ಟಿ, ಬ್ಯಾರಲ್ಲುಗಳಲ್ಲಿ ನೀರು ಹಿಡಿದಿಡುವುದು ಅನಿವಾರ್ಯ. ಅದರ ಜೊತೆಗೆ ಕುಂಡದ ಕೆಳಗಿನ ತಟ್ಟೆ ಮತ್ತು ಮನಿಪ್ಲಾಂಟಿನ ಸೀಸೆ ಸೇರಿದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ತವರುಮನೆಯೇ ಆಯಿತು. ಅದು ಹಗಲು ಕಚ್ಚುವ ಸೊಳ್ಳೆ. ಮೊಟ್ಟೆಯಿಂದ ರೆಕ್ಕೆ ಬಲಿತ ಸೊಳ್ಳೆಯಾಗಲು ಬೇಸಿಗೆಯಲ್ಲಿ ಏಳರಿಂದ ಹತ್ತು ದಿನ ಸಾಕು. ನೀರು ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದ್ದರಿಂದ ವಾರಕ್ಕೊಂದು ದಿನ, ಸೋಮವಾರವೆಂದೇ ಇಟ್ಟುಕೊಳ್ಳೋಣ, ತಟ್ಟೆ ಸೀಸೆಗಳನ್ನು ನಾರಿನಿಂದ ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಬೇಕು. ತಟ್ಟೆಯಲ್ಲಿ ಮರಳು ತುಂಬಿದರೆ ನೀರು ನಿಲ್ಲುವುದೇ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ಮನೆಗಳಿಗೂ ದಂಡ ವಿಧಿಸುವ ನಿಯಮ ತಂದಿದೆ.

ಮನೆಮದ್ದಿನ ಗಿಡಗಳ ಬಗ್ಗೆ ಎರಡೇ ಮಾತು. ಲೋಳೆಸರದ ತಿರುಳನ್ನು ಸುಟ್ಟ ಚರ್ಮಕ್ಕೆ ಹಚ್ಚುವುದು ಸರಿ, ಆದರೆ ಸಿಪ್ಪೆಯಡಿಯಿಂದ ಒಸರುವ ಹಳದಿ ರಸ ತೀವ್ರ ಭೇದಿಕಾರಕ. ಗರ್ಭಿಣಿಯರು ಅದನ್ನು ಸೇವಿಸಲೇಬಾರದು. ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಅಮೃತಬಳ್ಳಿಯ ಕಷಾಯವನ್ನು ತಿಂಗಳುಗಟ್ಟಲೆ ಕುಡಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದನ್ನೇ ಹೋಲುವ ಬೇರೆ ಬಳ್ಳಿಯಿದ್ದಿರಬಹುದೆಂದು ಆಯುಷ್ ಸಚಿವಾಲಯ ಹೇಳಿತು. ವಾದ ಹೇಗೇ ಇರಲಿ, ಬಳ್ಳಿಯನ್ನು ಗುರುತಿಸಲಾಗದವರು ಕಷಾಯಕ್ಕೆ ಕೈಹಾಕದಿರುವುದೇ ಲೇಸು. ಕೆಮ್ಮು ನೆಗಡಿಗೆ ದೊಡ್ಡಪತ್ರೆಯ ಎಲೆಯೊಂದನ್ನು ಬಾಡಿಸಿ ತಂಬುಳಿ ಮಾಡುವುದರಲ್ಲಿ ಭಯವಿಲ್ಲ.

ಏನು ಬೆಳೆಯಬೇಕೆಂದು ಕೇಳುವವರಿಗೆ ನಾವು ಮೊದಲು ಹೇಳುವುದು ಪಲ್ಲೆಗಳನ್ನೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿದೆ. ಕುಂಡದ ಪಲ್ಲೆ ಕಬ್ಬಿಣದ ಮಾತ್ರೆಗೆ ಬದಲಿಯಲ್ಲ. ಆದರೂ ಜೋಳದ ರೊಟ್ಟಿಯ ಜೊತೆ ಮೆಂತೆ, ಪುಂಡಿ, ರಾಜಗಿರಿ ದಿನವೂ ಇದ್ದು, ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಮೈಗೆ ಹೆಚ್ಚು ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದು ಕಡಿಮೆಯಾಗುತ್ತದೆ. ಅಗಲ ಬಾಯಿಯ ಹಳೆಯ ಬುಟ್ಟಿಯಲ್ಲಿ ಬಿತ್ತಿದ ಮೆಂತೆ ತಿಂಗಳೊಳಗೆ ಕೈಗೆ ಬರುತ್ತದೆ.

ಬೈಲಹೊಂಗಲ, ಸವದತ್ತಿಯ ಎರೆಮಣ್ಣು ಹತ್ತಿಗೂ ಜೋಳಕ್ಕೂ ಬಂಗಾರವಾದರೂ ಕುಂಡಕ್ಕೆ ಒಂಟಿಯಾಗಿ ಒಗ್ಗದು. ನೀರು ಹೆಚ್ಚಾದರೆ ಕೆಸರಾಗಿ ಬೇರು ಕೊಳೆಯುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಒಂದು ಪಾಲು ಎರೆ, ಒಂದು ಪಾಲು ಮಸಾರಿ, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕೂಡಿಸಿ, ಕುಂಡದ ತಳಕ್ಕೆ ತೂತು ಬಿಟ್ಟು ಹಂಚಿನ ಚೂರು ಮುಚ್ಚಬೇಕು. ಕಿತ್ತೂರಿನ ಕಡೆಯ ಕೆಮ್ಮಣ್ಣಿಗೆ ಗೊಬ್ಬರವಷ್ಟೇ ಸಾಕು. ಬೇಸಿಗೆಯಲ್ಲಿ ಬೇಳೆ ಅಕ್ಕಿ ತೊಳೆದ ನೀರನ್ನು ಬೆಳಗಿನ ತಂಪಿನಲ್ಲೇ ಹಾಕಬೇಕು. ಗೇಣುದ್ದದ ದೊಡ್ಡಪತ್ರೆಯ ಕಡ್ಡಿ, ದುಂಡುಮಲ್ಲಿಗೆಯ ಕಡ್ಡಿಗಳನ್ನು ಊರುವುದಕ್ಕೆ ಮಿರಗದ ಮಳೆ ಬಿದ್ದ ಮೇಲಿನ ದಿನಗಳು ಒಳ್ಳೆಯವು. ಆಗ ಮಗಳು ಗಂಡನ ಮನೆಗೆ ಹೊರಟಿದ್ದರೆ, ಬುತ್ತಿಯ ಜೊತೆಗೆ ಒದ್ದೆ ಅರಿವೆಯಲ್ಲಿ ಸುತ್ತಿದ ಎರಡು ಕಡ್ಡಿಗಳನ್ನೂ ಕಟ್ಟಿ ಕೊಡಬಹುದು. ಎರಡು ದಿನ ಅವು ಬಾಡದೆ ಇರುತ್ತವೆ.