ಹಂಚಿನ ಬೆನ್ನ ಮೇಲಿನ ಹೆಸರು

ಮೂರು ವರ್ಷದ ಹಿಂದೆ ಅಜ್ಜನ ಮನೆಯ ಮಾಡು ಬಿಚ್ಚಿದಾಗ ಹಂಚು ಇಳಿಸಲು ನಾನೂ ಕೈಹಾಕಿದ್ದೆ. ಮಾಡಿನ ಮೇಲೊಬ್ಬ, ಏಣಿಯಲ್ಲೊಬ್ಬ, ಕೆಳಗೆ ನಾನು. ಕೈಯಿಂದ ಕೈಗೆ ದಾಟಿ ಬಂದ ಹಂಚನ್ನು ಅಂಗಳದಲ್ಲಿ ಸಾಲಾಗಿ ಒರಗಿಸಿಡಬೇಕು. ಮಳೆಗೆ ಮುಖ ಕೊಟ್ಟ ಬದಿ ಪಾಚಿ ಹಿಡಿದು ಕಪ್ಪಾಗಿತ್ತು. ಮಗುಚಿದರೆ ಒಳಬದಿ ನಿನ್ನೆ ಸುಟ್ಟಂತೆ ಕೆಂಪು. ಆ ಕೆಂಪಿನಲ್ಲಿ ಉಬ್ಬಿ ನಿಂತ ಇಂಗ್ಲಿಷ್ ಅಕ್ಷರಗಳು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865, ಮಂಗಳೂರು. “ನಮ್ಮ ಮನೆಗೆ ಬರುವಾಗಲೇ ಹಳೆಯದು ಮಗಾ ಅದು. ನಿನ್ನ ಮುತ್ತಜ್ಜ ಯಾರದೋ ಮನೆ ಬಿಚ್ಚಿದಲ್ಲಿಂದ ಗಾಡಿಯಲ್ಲಿ ಹೇರಿಸಿಕೊಂಡು ಬಂದದ್ದಂತೆ” ಎಂದರು ದೊಡ್ಡಮ್ಮ.

1865 ಎಂಬುದು ಆ ಹಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಶುರುವಾದ ವರ್ಷ. ಕರಾವಳಿಯಲ್ಲಿ ಬೆಳೆದವರಿಗೆ ಈ ಹೆಸರು ಎಷ್ಟು ರೂಢಿಯೆಂದರೆ, ಅದರಲ್ಲಿರುವ ವಿಚಿತ್ರ ಕಣ್ಣಿಗೇ ಬೀಳುವುದಿಲ್ಲ. ಸುವಾರ್ತೆ ಸಾರಲು ಬಂದ ಮಿಷನ್ ಒಂದು ಮಣ್ಣು ತುಳಿಸಿ, ಹಂಚು ಸುಟ್ಟು, ಬೆಲೆ ಕಟ್ಟಿ ಮಾರಿದ್ದೇಕೆ?

ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನ ಊರು. ಅಲ್ಲಿ 1815ರಲ್ಲಿ ಹುಟ್ಟಿದ ಮಿಷನ್ನಿನ ಮೊದಲ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಬೋಧನೆ, ಶಾಲೆ, ಭಾಷೆ ಕಲಿಯುವುದು, ಇಷ್ಟಕ್ಕೆ ಅವರು ತಯಾರಾಗಿ ಬಂದಿದ್ದರು. ಹೊಟ್ಟೆಪಾಡಿನ ಪ್ರಶ್ನೆ ಎದುರಾದದ್ದು ಜನ ಕ್ರೈಸ್ತರಾಗತೊಡಗಿದ ಮೇಲೆ. ದೀಕ್ಷಾಸ್ನಾನ ಪಡೆದವನಿಗೆ ಮನೆಯ ಬಾಗಿಲು ಮುಚ್ಚುತ್ತಿತ್ತು. ಕುಟುಂಬದ ಪಾಲು ತಪ್ಪುತ್ತಿತ್ತು, ಗೇಣಿಯ ಗದ್ದೆ ಕೈಬಿಡುತ್ತಿತ್ತು. ತುಳುನಾಡಿನಲ್ಲಿ ಮಿಷನ್ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಅವರ ಕುಲಕಸುಬಾದ ಮೂರ್ತೆಗಾರಿಕೆ, ಅಂದರೆ ತಾಳೆ–ತೆಂಗಿನ ಮರ ಹತ್ತಿ ಕಳ್ಳು ಇಳಿಸುವುದು, ಮಿಷನ್ನಿಗೆ ಒಪ್ಪಿಗೆಯಿರಲಿಲ್ಲ. ಹಾಗಾಗಿ ಅನ್ನದ ದಾರಿ ಎರಡೂ ಕಡೆಯಿಂದ ಮುಚ್ಚಿತು: ಒಂದನ್ನು ಊರು ಮುಚ್ಚಿತು, ಇನ್ನೊಂದನ್ನು ಕ್ರೈಸ್ತ ಸಭೆ. ಒಬ್ಬನನ್ನು ಅವನ ಮನೆಯಿಂದ ಹೊರಗೆ ಕರೆದವರು ಅವನ ರಾತ್ರಿಯ ಊಟಕ್ಕೂ ಉತ್ತರ ಕೊಡಬೇಕಲ್ಲವೇ? ಬಾಸೆಲ್ ಮಿಷನ್ನಿನ ಕೈಗಾರಿಕೆಯ ಬೇರು ಇರುವುದು ಈ ಋಣದಲ್ಲಿ ಎಂದು ನಾನು ನಂಬಿದ್ದೇನೆ. ಲಾಭದ ಲೆಕ್ಕ ಹುಟ್ಟಿದ್ದು ಆಮೇಲೆ.

ಮೊದಮೊದಲು ಹಿಡಿದ ಯಾವ ಕೆಲಸವೂ ನೆಟ್ಟಗಾಗಲಿಲ್ಲ. ಬೇಸಾಯ ಮಾಡಿಸಿ ನೋಡಿದರು, ಗಡಿಯಾರ ರಿಪೇರಿ ಕಲಿಸಿದರು, ರೇಷ್ಮೆ, ಸಕ್ಕರೆ ಎಂದೆಲ್ಲ ಕೈಯಾಡಿಸಿದರು. ಹತ್ತಾರು ಕುಟುಂಬ ನೆಚ್ಚಿಕೊಳ್ಳುವಂಥ ಕಸುಬು ಮೊದಲು ಸಿಕ್ಕಿದ್ದು ಮಗ್ಗದಲ್ಲಿ. 1851ರಲ್ಲಿ ಹಾಲರ್ ಎಂಬ ನುರಿತ ನೇಕಾರ ಮಂಗಳೂರಿಗೆ ಬಂದ, ಯುರೋಪಿನ ಮಾದರಿಯ ಮಗ್ಗ ಹೂಡಿದ, ಬಣ್ಣ ಹಾಕುವುದನ್ನೂ ಕಲಿಸಿದ. ಖಾಕಿ ಹುಟ್ಟಿದ್ದೇ ನಮ್ಮ ಬಲ್ಮಠದಲ್ಲಿ ಎಂದು ಮಂಗಳೂರಿನವರು ಅಭಿಮಾನದಿಂದ ಹೇಳುವುದುಂಟು. ವಾಯವ್ಯ ಗಡಿಯಲ್ಲಿ ಲಮ್ಸ್‌ಡೆನ್ನನ ಗೈಡ್ಸ್ ಸೇನಾದಳ 1840ರ ದಶಕದಲ್ಲೇ ಖಾಕಿ ತೊಟ್ಟಿತ್ತಾದ್ದರಿಂದ ಆ ಮಾತನ್ನು ಪೂರ್ತಿ ಒಪ್ಪಲಾರೆ. ಇಲ್ಲಿನ ಮಗ್ಗಗಳ ಖಾಕಿಗೆ ಒಳ್ಳೆಯ ಹೆಸರಿತ್ತು ಎಂಬುದಂತೂ ನಿಜ. ಕಣ್ಣೂರು, ಕಲ್ಲಿಕೋಟೆಗಳಲ್ಲೂ ಮಿಷನ್ನಿನ ನೇಯ್ಗೆ ಬೇರೂರಿತು.

ದುಡಿಮೆ ಮತ್ತು ಬೋಧನೆಯನ್ನು ಜೊತೆಗಿಡುವುದು ಕ್ರೈಸ್ತರಿಗೆ ಹೊಸದಾಗಿರಲಿಲ್ಲ. ಸಂತ ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯೊಂದಿಗೆ ಗುಡಾರ ಹೊಲಿದು ಬದುಕಿದವನು. ಮೊರೇವಿಯನ್ ಪಂಥದವರು 1768ರಲ್ಲಿ ದಕ್ಷಿಣ ಅಮೆರಿಕದ ಸುರಿನಾಮಿನಲ್ಲಿ ದರ್ಜಿ ಅಂಗಡಿ ತೆರೆದಿದ್ದರು. ಅದೇ ಮುಂದೆ ದೊಡ್ಡ ವ್ಯಾಪಾರ ಸಂಸ್ಥೆಯಾಯಿತು. ಆದರೂ ಬಾಸೆಲ್‌ನಲ್ಲಿ ಈ ವಿಷಯ ಸುಲಭಕ್ಕೆ ಬಗೆಹರಿಯಲಿಲ್ಲ. ಬೋಧಕ ವ್ಯಾಪಾರಿಯಾದರೆ ಬೋಧನೆಯ ಗತಿಯೇನು ಎಂಬ ಅಳುಕು ಅಲ್ಲಿನವರಿಗಿತ್ತು. ಕೈಗಾರಿಕೆಯ ಮೇಲ್ವಿಚಾರಣೆಗೆ ನೇಮಿಸಿದ ಸಮಿತಿಗೆ ಕಾರ್ಲ್ ಸಾರಸಿನ್ ಎಂಬ ರೇಷ್ಮೆ ಪಟ್ಟಿಯ ಉದ್ಯಮಿ ಮುಖ್ಯಸ್ಥನಾದ. 1854ರಲ್ಲಿ ಮಂಗಳೂರಿಗೆ ಬಂದ ಪ್ಲೈಡರರ್ ವೃತ್ತಿಯಿಂದಲೇ ವ್ಯಾಪಾರಿ. ಬೋಧಿಸುವವರು ಬೋಧಿಸಲಿ, ಲೆಕ್ಕ ಬರೆಯಬಲ್ಲವರು ಲೆಕ್ಕ ಬರೆಯಲಿ ಎಂದು ಕೆಲಸ ಹಂಚಿಕೊಂಡರು.

1859ರಲ್ಲಿ ಮಿಷನ್ ವ್ಯಾಪಾರ ಕಂಪನಿ ನಿಂತಿತು. ಪಾಲುಬಂಡವಾಳ ಹಾಕಿದವರು ಸ್ವಿಟ್ಜರ್ಲೆಂಡಿನ ಹಿತೈಷಿಗಳು. ಅವರಿಗೆ ಸಿಗುವ ಲಾಭಾಂಶಕ್ಕೆ ಮಿತಿ ಹಾಕಿದ್ದರು. ಅದಕ್ಕೂ ಮೀರಿ ಉಳಿದದ್ದು ಮಿಷನ್ನಿನ ಕೆಲಸಕ್ಕೆ. ಈ ಇಡೀ ಕತೆಯಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಇದೇ ಕಟ್ಟುಪಾಡು. ಸೇವೆಯ ಹೆಸರಿನಲ್ಲಿ ವ್ಯಾಪಾರಕ್ಕೆ ಇಳಿಯುವವರು ತಮ್ಮ ಪಾಲು ಎಷ್ಟು ಎಂಬುದನ್ನು ಮೊದಲ ದಿನವೇ ಕಾಗದದ ಮೇಲೆ ಬರೆದಿಟ್ಟರೆ ಅರ್ಧ ಜಗಳ ಅಲ್ಲೇ ತೀರುತ್ತದೆ.

ಇನ್ನು ಹಂಚು. ಗೇಯಾರ್ಗ್ ಪ್ಲೆಬ್ಸ್ಟ್ ಯಂತ್ರ ಬಲ್ಲವನು. ಮಿಷನ್ನಿನ ಮುದ್ರಣದ ಕೆಲಸಕ್ಕೆಂದು ಬಂದಿದ್ದ. ನೇತ್ರಾವತಿ ದಡದ ಜಿಗುಟು ಮಣ್ಣು ಅವನ ಕಣ್ಣಿಗೆ ಬಿತ್ತು. ಆಗ ನಮ್ಮಲ್ಲಿ ಬಡವರ ಮನೆಗೆ ಮುಳಿಹುಲ್ಲು, ಇಲ್ಲವೇ ತೆಂಗಿನ ಮಡಲು. ವರ್ಷ ವರ್ಷ ಹೊದಿಸಬೇಕು, ಬೆಂಕಿ ಕಿಡಿ ತಾಗಿದರೆ ಮನೆಯೇ ಹೋಯಿತು. ಉಳ್ಳವರ ಮನೆಯ ಮೇಲಿದ್ದದ್ದು ಕುಂಬಾರ ಕೈಯಲ್ಲಿ ಮಾಡಿದ ಸಣ್ಣ ಓಡು. ಗಾಳಿಗೆ ಸರಿದು ಮಳೆಗೆ ಸೋರುವಂಥದ್ದು. ಅತ್ತ ಬಾಸೆಲ್‌ನಿಂದ ದೂರವಲ್ಲದ ಆಲ್ಸೇಸ್ ಸೀಮೆಯಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲೇ ಒಂದಕ್ಕೊಂದು ಕಚ್ಚಿ ಕೂರುವ ಹಂಚಿಗೆ ಪೇಟೆಂಟ್ ಪಡೆದಿದ್ದರು. ಅದೇ ವಂಶದ ಹಂಚನ್ನು ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಮಾಡಿಸಿದ. 1865ರಲ್ಲಿ ಇಬ್ಬರು ಆಳು, ಒಂದು ಜೋಡಿ ಎತ್ತು, ದಿನಕ್ಕೆ 560 ಹಂಚು. ಇಷ್ಟರಿಂದ ಶುರು.

ಕೆಲಸದ ಕ್ರಮ ಕೇಳಲು ಸುಲಭ. ಹೊಳೆಬದಿಯ ಗದ್ದೆಯಿಂದ ಅಗೆದ ಮಣ್ಣು ದೋಣಿಯಲ್ಲಿ ಬರುತ್ತದೆ. ಅದನ್ನು ರಾಶಿ ಹಾಕಿ ಹದಕ್ಕೆ ಬಿಡಬೇಕು. ಕಲ್ಲು, ಬೇರು ಆಯ್ದು, ನೀರು ಕೂಡಿಸಿ ಅರೆಯಬೇಕು. ಎತ್ತು ಸುತ್ತುತ್ತಿದ್ದದ್ದು ಇದಕ್ಕೇ. ಅರೆದ ಮಣ್ಣಿನ ಹಲಗೆಯನ್ನು ಎಣ್ಣೆ ಸವರಿದ ಎರಡು ಅಚ್ಚುಗಳ ನಡುವೆ ಇಟ್ಟು ಒತ್ತಿದರೆ ಹಂಚಿನ ರೂಪ ಬರುತ್ತದೆ. ಅಂಚಿನಿಂದ ಹೊರಚಾಚಿದ ಮಣ್ಣು ಕತ್ತರಿಸಿ ನೆರಳಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಆಮೇಲೆ ಭಟ್ಟಿ. ಸುಟ್ಟು ಆರಿದ ಹಂಚನ್ನು ಬೆರಳಗಂಟಿನಿಂದ ಬಡಿದು ನೋಡುತ್ತಾರೆ. ಠಣ್ಣೆಂದರೆ ಮೊದಲ ದರ್ಜೆ. ಸದ್ದು ಒಡಕಾದರೆ ಪಕ್ಕಕ್ಕೆ. ನಮ್ಮಂಗಳದಲ್ಲಿ ಮಾಡಿನ ಮೇಸ್ತ್ರಿ ಮಾಡಿದ್ದೂ ಇದನ್ನೇ. ಅಷ್ಟು ಮಳೆಗಾಲ ಕಂಡ ಹಂಚುಗಳಲ್ಲಿ ಹೆಚ್ಚಿನವು ಠಣ್ಣೆಂದವು.

ಹಂಚಿನ ಜೊತೆ ಮನೆಯ ಮರಗೆಲಸವೂ ಬದಲಾಯಿತು. ಪಕ್ಕಾಸಿನ ಮೇಲೆ ಅಳತೆ ತಪ್ಪದೆ ರೀಪು ಹೊಡೆಯಬೇಕು, ಯಾಕೆಂದರೆ ಹಂಚಿನ ಕೆಳಗಿನ ಕೊಕ್ಕೆ ರೀಪಿಗೇ ತಗಲಿಕೊಳ್ಳುವುದು. 1868ರಲ್ಲಿ ಆಲ್ಬುಕರ್ಕ್ ಮನೆತನದ ಕಾರ್ಖಾನೆ ಶುರುವಾಯಿತು, ಅದರ ಬೆನ್ನಿಗೆ ಇನ್ನೂ ಹಲವು. ‘ಮಂಗಳೂರು ಹಂಚು’ ಹಡಗು ಹತ್ತಿ ಮುಂಬಯಿಗೂ ಅದರಾಚೆಗೂ ಹೋಯಿತು. ಮಿಷನ್ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಪಾಲ್ಘಾಟ್ ಕಡೆಗಳಲ್ಲೂ ಕಾರ್ಖಾನೆ ತೆರೆಯಿತು.

ಇಷ್ಟೆಲ್ಲ ಮೆಚ್ಚಿಕೊಂಡರೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಕಾರ್ಖಾನೆಯ ಯಜಮಾನನೂ ಭಾನುವಾರದ ಸಭೆಯೂ ಒಂದೇ ಮಿಷನ್ನಿಗೆ ಸೇರಿದ್ದಾಗ ಆಳು ಕೂಲಿ ಸಾಲದು ಎಂದು ಯಾರ ಹತ್ತಿರ ಹೇಳಬೇಕು? ಸಭೆಯ ಶಿಸ್ತು ಮುರಿದವನು ಕೆಲಸಕ್ಕೂ ಹೆದರಬೇಕಾದ ಸ್ಥಿತಿ ಅದು. ಕಸುಬು ಕಲಿಸಿದರು, ನಿಜ. ಆದರೆ ಸ್ವಂತ ಭಟ್ಟಿ ಹೂಡುವ ಬಲವನ್ನು ಎಷ್ಟು ಮಂದಿಗೆ ಕೊಟ್ಟರು? ಮರ ಹತ್ತುತ್ತಿದ್ದವನು ಕಡೆಪಕ್ಷ ತನ್ನ ಹೊತ್ತಿಗೆ ತಾನು ಹತ್ತಿ ಇಳಿಯುತ್ತಿದ್ದ. ಕಾರ್ಖಾನೆಯಲ್ಲಿ ಗಂಟೆ ಹೊಡೆದಾಗ ಒಳಗಿರಬೇಕು. ಇವತ್ತು ಇಂಥ ಉದ್ಯಮ ಕಟ್ಟಲು ಹೊರಡುವ ಕ್ರೈಸ್ತ ಯುವಕರು ಮೊದಲು ಯೋಚಿಸಬೇಕಾದದ್ದು ಈ ಪ್ರಶ್ನೆಯನ್ನು.

ಮಿಷನ್ನಿನ ಮುದ್ರಣಾಲಯದ ಕತೆ ಕನ್ನಡಿಗರಿಗೆ ಗೊತ್ತೇ ಇದೆ. 1841ರಲ್ಲಿ ಶುರುವಾದ ಕಲ್ಲಚ್ಚಿನ ಛಾಪಖಾನೆ, 1843ರ ಜುಲೈ 1ರಂದು ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, 1894ರಲ್ಲಿ ಕಿಟೆಲ್ ಕೋಶ. ನಾವು ಇವನ್ನು ನೆನೆಯುವಷ್ಟು ಜೆಪ್ಪುವಿನ ಭಟ್ಟಿಯನ್ನು ನೆನೆಯುವುದಿಲ್ಲ.

1914ರ ಯುದ್ಧ ಇದಕ್ಕೆಲ್ಲ ತೆರೆ ಎಳೆಯಿತು. ಮಿಷನ್ನಿನಲ್ಲಿ ಜರ್ಮನರು ಬಹಳ ಮಂದಿ ಇದ್ದರು. ಬ್ರಿಟಿಷರ ಕಣ್ಣಿಗೆ ಅವರೆಲ್ಲ ಶತ್ರು ದೇಶದವರಾದರು. ಅವರನ್ನು ಶಿಬಿರಗಳಲ್ಲಿಟ್ಟರು, ದೇಶದಿಂದ ಕಳುಹಿಸಿದರು. ಕಾರ್ಖಾನೆಗಳನ್ನು ಸರಕಾರ ವಶಕ್ಕೆ ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ಮುಂದೆ ಸಿಮೆಂಟು, ತಾರಸಿ ಬಂದವು. ಹೊಳೆಬದಿಯ ಮಣ್ಣು ಸಿಗುವುದು ಕಷ್ಟವಾಯಿತು. ಮಂಗಳೂರಿನ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು.

ಅಜ್ಜನ ಮನೆಯ ಹಂಚುಗಳ ನಡುವೆ ಒಂದರ ಒಳಬದಿಯಲ್ಲಿ ಅಕ್ಷರಗಳ ಪಕ್ಕ ಒಂದು ಕುಳಿ ಕಂಡಿತು. ಹೆಬ್ಬೆಟ್ಟಿನ ಗುರುತು. ಮಣ್ಣು ಹಸಿಯಿದ್ದಾಗ ಅಚ್ಚಿನಿಂದ ಎತ್ತಿಕೊಂಡವರದ್ದು; ಗೆರೆಗಳೂ ಬೆಂದು ಉಳಿದಿದ್ದವು. ನನ್ನ ಹೆಬ್ಬೆರಳಿಗಿಂತ ಸಣ್ಣದು, ಬಹುಶಃ ಹೆಂಗಸಿನದೋ ಹುಡುಗನದೋ. ಅದನ್ನು ಮನೆಯೊಳಗೆ ತೆಗೆದಿಡೋಣ ಎಂದೆ. “ಒಡೆಯದ ಹಂಚನ್ನು ಒಳಗಿಟ್ಟು ಏನು ಮಾಡುವುದು?” ಎಂದು ದೊಡ್ಡಮ್ಮ ಉಳಿದವುಗಳ ಜೊತೆಗೆ ಅದನ್ನೂ ದನದ ಕೊಟ್ಟಿಗೆಯ ಮಾಡಿಗೆ ಏರಿಸಿದರು. ಮೂರು ಮಳೆಗಾಲ ಕಳೆದಿದೆ. ಕೊಟ್ಟಿಗೆ ಸೋರಿಲ್ಲ.